ಹದಿಹರೆಯದ ಮಕ್ಕಳೊಂದಿಗೆ ಹೈದರಾಬಾದ್ ಥೀಮ್ ಪಾರ್ಕ್‌ಗೆ ಒಂದು ದಿನ: ಬೇಗಂಪೇಟೆಯಿಂದ ಹೊರಡುವ ಮುನ್ನ ಇವಿಷ್ಟು ತಿಳಿದಿರಲಿ

ಹೈದರಾಬಾದ್: ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮಾರನೇ ದಿನದಿಂದಲೇ ಬೀದರ್, ಕಲಬುರಗಿ, ಯಾದಗಿರಿ ಕಡೆಯ ಅನೇಕ ಮನೆಗಳಲ್ಲಿ ಒಂದು ಬೇಡಿಕೆ ಶುರುವಾಗುತ್ತದೆ: ‘ಹೈದರಾಬಾದ್‌ಗೆ ಯಾವಾಗ ಹೋಗೋದು?’ ಐದಾರು ವರ್ಷ ಹಿಂದೆ ಬಂದಾಗ ಚಾರ್ಮಿನಾರ್, ಗೋಲ್ಕೊಂಡ, ಝೂ ತೋರಿಸಿ, ಸಂಜೆ ಲುಂಬಿನಿ ಪಾರ್ಕ್‌ನಲ್ಲಿ ಐಸ್‌ಕ್ರೀಂ ಕೊಡಿಸಿದ್ದರೆ ಮಕ್ಕಳು ಖುಷಿಯಾಗಿರುತ್ತಿದ್ದರು. ಈಗ ಅದೇ ಮಗುವಿಗೆ 14 ಅಥವಾ 15. ಅದಕ್ಕೆ ಬೇಕಿರುವುದು ರೋಲರ್ ಕೋಸ್ಟರ್, ವೇವ್ ಪೂಲ್, ಇನ್‌ಸ್ಟಾಗ್ರಾಂಗೆ ಹಾಕಲು ನಾಲ್ಕು ರೀಲ್ಸ್. ಜತೆಗೆ ಅಪ್ಪ-ಅಮ್ಮ ಕೈ ಹಿಡಿದುಕೊಂಡು ಓಡಾಡಬಾರದು ಎಂಬ ಅಲಿಖಿತ ಷರತ್ತು ಕೂಡ.

ಇಂಥ ಪ್ರವಾಸ ಹಾಳಾಗುವುದು ಹೆಚ್ಚಾಗಿ ಪಾರ್ಕ್‌ನಿಂದಲ್ಲ, ತಯಾರಿ ಇಲ್ಲದ್ದರಿಂದ. ತಡವಾಗಿ ತಲುಪುವುದು, ಒಂದು ಗಂಟೆ ಸಾಲಿನಲ್ಲಿ ನಿಂತ ಮೇಲೆ ಎತ್ತರ ಸಾಲದೆಂದು ವಾಪಸ್ ಬರುವುದು, ಲಾಕರ್‌ನಲ್ಲಿ ಫೋನ್ ಇಟ್ಟು ಒಬ್ಬರಿಗೊಬ್ಬರು ಸಿಗದೆ ಹುಡುಕಾಡುವುದು. ಬೇಗಂಪೇಟೆಯಲ್ಲಿ ಉಳಿದುಕೊಂಡು ಒಂದೇ ದಿನದಲ್ಲಿ ಹೋಗಿ ಬರುವವರಿಗಾಗಿ ಇಲ್ಲಿದೆ ಪೂರ್ಣ ಮಾಹಿತಿ.

ಬೇಗಂಪೇಟೆಯೇ ಏಕೆ?

ಸಿಕಂದರಾಬಾದ್–ವಾಡಿ ರೈಲು ಮಾರ್ಗದಲ್ಲಿ ಬೇಗಂಪೇಟೆ ನಿಲ್ದಾಣವಿದೆ. ವಾಡಿ ಕಡೆಯಿಂದ ಬರುವ ರೈಲುಗಳೂ, ವಿಕಾರಾಬಾದ್‌ನಲ್ಲಿ ಕೂಡಿಕೊಳ್ಳುವ ಬೀದರ್ ಮಾರ್ಗದ ರೈಲುಗಳೂ ಇದೇ ಹಳಿಯ ಮೇಲೆ ನಗರ ಪ್ರವೇಶಿಸುತ್ತವೆ. ಹಲವು ರೈಲುಗಳಿಗೆ ಇಲ್ಲಿ ನಿಲುಗಡೆ ಇದೆ, ಎಲ್ಲದಕ್ಕೂ ಇಲ್ಲ. ಟಿಕೆಟ್ ಮಾಡಿಸುವಾಗ ಇದನ್ನು ನೋಡಿಕೊಂಡರೆ ಸಿಕಂದರಾಬಾದ್‌ವರೆಗೆ ಹೋಗಿ ಮತ್ತೆ ಹಿಂದಕ್ಕೆ ಬರುವ ಕೆಲಸ ತಪ್ಪುತ್ತದೆ. ರೈಲು ನಿಲ್ದಾಣದ ಹತ್ತಿರವೇ ಮೆಟ್ರೋ ನಿಲ್ದಾಣವೂ ಇದೆ. ನಾಗೋಲ್–ರಾಯದುರ್ಗಂ ನಡುವಿನ ನೀಲಿ ಮಾರ್ಗದಲ್ಲಿ ಬೇಗಂಪೇಟೆಯ ಮುಂದಿನ ನಿಲ್ದಾಣವೇ ಅಮೀರ್‌ಪೇಟೆ, ಅಲ್ಲಿ ಕೆಂಪು ಮಾರ್ಗಕ್ಕೆ ಬದಲಾಯಿಸಬಹುದು.

ಬೇಗಂಪೇಟೆ ಎಂದರೆ ಹಿರಿಯರಿಗೆ ಈಗಲೂ ವಿಮಾನ ನಿಲ್ದಾಣವೇ ನೆನಪಾಗುವುದು. 2008ರ ಮಾರ್ಚ್‌ನಲ್ಲಿ ಶಂಶಾಬಾದ್ ನಿಲ್ದಾಣ ಆರಂಭವಾದ ಬಳಿಕ ಇಲ್ಲಿ ಸಾಮಾನ್ಯ ಪ್ರಯಾಣಿಕ ವಿಮಾನಗಳ ಸಂಚಾರ ನಿಂತಿದೆ. ‘ವಿಂಗ್ಸ್ ಇಂಡಿಯಾ’ ವೈಮಾನಿಕ ಪ್ರದರ್ಶನ ನಡೆಯುವುದು ಇಲ್ಲೇ. ವಿಮಾನದಲ್ಲಿ ಬರುವವರು ಇಳಿಯುವುದು ಮಾತ್ರ ಶಂಶಾಬಾದ್‌ನಲ್ಲಿ.

ವಂಡರ್‌ಲಾನಾ, ರಾಮೋಜಿನಾ?

ಮೊದಲ ಜಗಳ ಇದೇ. ಎರಡೂ ನಗರದ ಹೊರಗಿವೆ, ಎರಡೂ ಬೇಗಂಪೇಟೆಯಿಂದ ಸುಮಾರು 35 ಕಿ.ಮೀ. ಆಸುಪಾಸಿನಲ್ಲಿವೆ. ಆದರೆ ಸ್ವಭಾವದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ.

ವಂಡರ್‌ಲಾ ಇರುವುದು ರಾವಿರ್ಯಾಲ ಬಳಿ, ಹೊರವರ್ತುಲ ರಸ್ತೆಯ 13ನೇ ಎಕ್ಸಿಟ್ ಪಕ್ಕದಲ್ಲಿ. 2016ರಲ್ಲಿ ಆರಂಭವಾಯಿತು. ಬೆಂಗಳೂರು-ಮೈಸೂರು ರಸ್ತೆಯ ಬಿಡದಿ ಬಳಿ 2005ರಿಂದ ಇರುವ ವಂಡರ್‌ಲಾ ನೋಡಿದವರಿಗೆ ಇಲ್ಲಿನ ವ್ಯವಸ್ಥೆ ಹೊಸದೆನಿಸದು. ಒಣ ರೈಡ್‌ಗಳು, ನೀರಿನ ಆಟಗಳು, ವೇವ್ ಪೂಲ್, ರೈನ್ ಡಿಸ್ಕೋ ಎಲ್ಲ ಅದೇ ಮಾದರಿ. ಇಲ್ಲಿನ ಪ್ರಮುಖ ಆಕರ್ಷಣೆ ‘ರಿಕಾಯಿಲ್’ ಎಂಬ ರೋಲರ್ ಕೋಸ್ಟರ್. ತಲೆಕೆಳಗಾಗಿ ಸುತ್ತಿ ಮುಂದಕ್ಕೆ ಹೋದ ಗಾಡಿ, ಅದೇ ಹಳಿಯ ಮೇಲೆ ಅದೇ ಸುತ್ತುಗಳನ್ನು ಹಿಮ್ಮುಖವಾಗಿ ಹಾಕಿಕೊಂಡು ವಾಪಸ್ ಬರುತ್ತದೆ. ಮುಂದೇನಿದೆ ಎಂದು ಕಾಣದೆ ಹಿಂದಕ್ಕೆ ಹೋಗುವ ಆ ಭಾಗವೇ ಮಕ್ಕಳಿಗೆ ಇಷ್ಟ.

ರಾಮೋಜಿ ಫಿಲ್ಮ್ ಸಿಟಿ ವಿಜಯವಾಡ ಹೆದ್ದಾರಿಯಲ್ಲಿದೆ. 1996ರಲ್ಲಿ ಆರಂಭವಾದ ಇದು 1,666 ಎಕರೆ ವಿಸ್ತೀರ್ಣದ, ಜಗತ್ತಿನ ಅತಿದೊಡ್ಡ ಚಿತ್ರ ಸ್ಟುಡಿಯೊ ಸಂಕೀರ್ಣವೆಂದು ಗಿನ್ನೆಸ್ ದಾಖಲೆಗೆ ಸೇರಿದೆ. ಸ್ಥಾಪಕ ರಾಮೋಜಿ ರಾವ್ 2024ರ ಜೂನ್ 8ರಂದು ನಿಧನರಾದರು. ಕನ್ನಡಿಗರಿಗೆ ಅವರ ಹೆಸರು ಅಪರಿಚಿತವಲ್ಲ. 2000ದಲ್ಲಿ ಶುರುವಾಗಿ ಮನೆಮಾತಾದ, ಮುಂದೆ ಕಲರ್ಸ್ ಕನ್ನಡ ಎಂದು ಹೆಸರು ಬದಲಾಯಿಸಿಕೊಂಡ ಈಟಿವಿ ಕನ್ನಡ ಇದೇ ಸಮೂಹದ ಕೊಡುಗೆ.

ಇಲ್ಲಿ ಮೈ ನಡುಗಿಸುವ ರೈಡ್‌ಗಳನ್ನು ನಿರೀಕ್ಷಿಸಿ ಹೋದರೆ ನಿರಾಸೆ ಖಚಿತ. ಇಲ್ಲಿರುವುದು ಬಸ್‌ನಲ್ಲಿ ಕುಳಿತು ಸೆಟ್‌ಗಳನ್ನು ನೋಡುವ ಸುತ್ತಾಟ, ‘ಬಾಹುಬಲಿ’ ಸೆಟ್, ಪಕ್ಷಿಧಾಮ, ಚಿಟ್ಟೆ ಉದ್ಯಾನ, ವೇಳೆಗೆ ಸರಿಯಾಗಿ ನಡೆಯುವ ಸ್ಟಂಟ್ ಮತ್ತು ನೃತ್ಯ ಪ್ರದರ್ಶನಗಳು. ಅಜ್ಜ-ಅಜ್ಜಿ ಜತೆಗಿದ್ದರೆ ಇದೇ ಸರಿ. ಹದಿಹರೆಯದವರಲ್ಲಿ ವಿಡಿಯೊ ಎಡಿಟಿಂಗ್, ಶಾರ್ಟ್ ಫಿಲ್ಮ್ ಎಂದು ತಲೆ ಕೆಡಿಸಿಕೊಂಡಿರುವವರಿದ್ದರೆ ‘ಮೂವಿ ಮ್ಯಾಜಿಕ್’ ವಿಭಾಗವೊಂದೇ ಟಿಕೆಟ್‌ಗೆ ಸಮ. ಪ್ರೇಕ್ಷಕರಲ್ಲೇ ಒಬ್ಬರನ್ನು ಕರೆದು ‘ಶೋಲೆ’ ಚಿತ್ರದ ಟಾಂಗಾ ದೃಶ್ಯ ಮಾಡಿಸಿ, ಅದಕ್ಕೆ ಶಬ್ದ ಸೇರಿಸಿ, ಕತ್ತರಿಸಿ ಜೋಡಿಸಿ ತೆರೆಯ ಮೇಲೆ ತೋರಿಸುತ್ತಾರೆ. ಉಳಿದವರಿಗೆ ಮಧ್ಯಾಹ್ನದ ಹೊತ್ತಿಗೆ ‘ಇನ್ನೂ ಎಷ್ಟು ಬಾಕಿ ಇದೆ’ ಎಂಬ ಪ್ರಶ್ನೆ ಬರುವ ಸಾಧ್ಯತೆ ಹೆಚ್ಚು.

ಹೊರವರ್ತುಲ ರಸ್ತೆ ಎರಡನ್ನೂ ಬೆಸೆಯುತ್ತದೆಂದು ‘ಬೆಳಗ್ಗೆ ರಾಮೋಜಿ, ಮಧ್ಯಾಹ್ನ ವಂಡರ್‌ಲಾ’ ಎಂದು ಲೆಕ್ಕ ಹಾಕುವವರಿದ್ದಾರೆ. ಆ ಯೋಚನೆ ಬೇಡ. ಎರಡು ಪೂರ್ಣ ಟಿಕೆಟ್ ಕೊಟ್ಟು ಎರಡನ್ನೂ ಅರ್ಧಂಬರ್ಧ ನೋಡಿದಂತಾಗುತ್ತದೆ.

ಆಯ್ಕೆಯನ್ನು ಮಕ್ಕಳಿಗೇ ಬಿಡುವುದು ಒಳ್ಳೆಯದು. ಆದರೆ ‘ಎಲ್ಲಿಗೆ ಹೋಗೋಣ’ ಎಂದಷ್ಟೇ ಕೇಳಿ ಬಿಡಬೇಡಿ. ಒಟ್ಟು ಖರ್ಚು ಇಷ್ಟು, ರೈಲು ಇಷ್ಟು ಗಂಟೆಗೆ ಎಂದು ಹೇಳಿ, ಪಾರ್ಕ್‌ನ ಜಾಲತಾಣ ನೋಡಿ ದಿನಚರಿ ಹಾಕುವ ಕೆಲಸವನ್ನೂ ಅವರಿಗೇ ಒಪ್ಪಿಸಿ. ತಾನೇ ಹಾಕಿದ ಯೋಜನೆಯಲ್ಲಿ ಸಾಲು ಉದ್ದವಿದ್ದರೆ ಹುಡುಗ ಅಷ್ಟಾಗಿ ಗೊಣಗುವುದಿಲ್ಲ.

ಯಾವ ದಿನ ಹೋದರೆ ಒಳ್ಳೆಯದು?

ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಹೋಗಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಕರ್ನಾಟಕದವರಿಗೆ ಇನ್ನೊಂದು ಅನುಕೂಲವಿದೆ, ಅದು ಅನೇಕರ ಗಮನಕ್ಕೆ ಬರುವುದಿಲ್ಲ. ಕರ್ನಾಟಕದ ಶಾಲೆಗಳಿಗೆ ಬೇಸಿಗೆ ರಜೆ ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರದಲ್ಲಿ ಶುರುವಾಗುತ್ತದೆ. ತೆಲಂಗಾಣದಲ್ಲಿ ಶಾಲೆಗಳು ಏಪ್ರಿಲ್ 23ರ ಸುಮಾರಿಗೆ ಮುಚ್ಚುತ್ತವೆ. ನಡುವಿನ ಆ ಹತ್ತು-ಹನ್ನೆರಡು ದಿನಗಳಲ್ಲಿ ಇಲ್ಲಿನ ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ. ಮಂಗಳವಾರದಿಂದ ಗುರುವಾರದೊಳಗೆ ಒಂದು ದಿನ ಆರಿಸಿಕೊಂಡರೆ ಸಾಲು ಕಡಿಮೆ. ಪ್ರತಿ ವರ್ಷ ದಿನಾಂಕ ಸ್ವಲ್ಪ ಹಿಂದೆಮುಂದೆ ಆಗುವುದರಿಂದ ಎರಡೂ ರಾಜ್ಯಗಳ ಶೈಕ್ಷಣಿಕ ವೇಳಾಪಟ್ಟಿ ಒಮ್ಮೆ ನೋಡಿಕೊಳ್ಳಿ. ದಸರಾ ರಜೆಯಲ್ಲಿ ಇಂಥ ಅನುಕೂಲ ಇಲ್ಲ. ಬತುಕಮ್ಮ ಹಬ್ಬವೂ ಸೇರಿ ತೆಲಂಗಾಣದಲ್ಲಿ ಅದು ದೀರ್ಘ ರಜೆ. ನವೆಂಬರ್‌ನಿಂದ ಜನವರಿವರೆಗೆ ಹವೆ ಚೆನ್ನಾಗಿರುತ್ತದೆ, ಆದರೆ ಆಗ ಶಾಲಾ ಪ್ರವಾಸದ ಬಸ್‌ಗಳು ವಾರದ ದಿನಗಳಲ್ಲೇ ಬಂದಿಳಿಯುತ್ತವೆ.

ಏಪ್ರಿಲ್-ಮೇ ಬಿಸಿಲಿನ ಬಗ್ಗೆ ಕಲಬುರಗಿಯವರಿಗೆ ಹೇಳಬೇಕಿಲ್ಲ. ಇಲ್ಲಿಯೂ 40 ಡಿಗ್ರಿ ದಾಟುವುದು ಮಾಮೂಲು. ನೀರಿನ ಆಟವಿರುವ ಪಾರ್ಕ್‌ನಲ್ಲಿ ಬಿಸಿಲು ಗೊತ್ತಾಗದು, ಹಾಗಾಗಿಯೇ ಮಕ್ಕಳು ನೀರು ಕುಡಿಯುವುದನ್ನು ಮರೆಯುತ್ತಾರೆ.

ಎತ್ತರ ಅಳೆದುಕೊಂಡು ಹೊರಡಿ

ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ ನಿರ್ಧಾರವಾಗುವುದು ವಯಸ್ಸಿನಿಂದಲ್ಲ, ಎತ್ತರದಿಂದ. 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಟಿಕೆಟ್ ಬೇಡ. 85ರಿಂದ 140 ಸೆಂ.ಮೀ.ವರೆಗೆ ಮಕ್ಕಳ ದರ. ಅದಕ್ಕೂ ಹೆಚ್ಚಿದ್ದರೆ ದೊಡ್ಡವರ ದರ. ಹಣದ ಲೆಕ್ಕಕ್ಕಿಂತ ಮುಖ್ಯವಾದ ಸಂಗತಿ ಎಂದರೆ, ರಿಕಾಯಿಲ್‌ನಂಥ ಜೋರು ರೈಡ್‌ಗಳಿಗೂ 140 ಸೆಂ.ಮೀ. ಎತ್ತರ ಬೇಕು.

15 ವರ್ಷದವರಿಗೆ ಸಾಮಾನ್ಯವಾಗಿ ಇದು ಸಮಸ್ಯೆಯಲ್ಲ. 12-13ರ ಮಕ್ಕಳ ವಿಷಯ ಬೇರೆ. ಆ ವಯಸ್ಸಿನಲ್ಲಿ ಒಂದೇ ತರಗತಿಯ ಇಬ್ಬರ ನಡುವೆ ಒಂದು ಗೇಣು ವ್ಯತ್ಯಾಸ ಇರುತ್ತದೆ. ಗೆಳೆಯ ಒಳಗೆ ಹೋಗಿ, ತಾನು ಮಾತ್ರ ಅಳತೆ ಕೋಲಿನ ಕೆಳಗೆ ನಿಂತು ವಾಪಸ್ ಬರುವುದು ಆ ಮಗುವಿಗೆ ಸಣ್ಣ ಸಂಗತಿಯಲ್ಲ. ಉಳಿದ ದಿನವೆಲ್ಲ ಮುಖ ಗಂಟು ಹಾಕಿಕೊಂಡೇ ಇರುತ್ತದೆ. ಆದ್ದರಿಂದ ಮನೆಯಲ್ಲೇ ಚಪ್ಪಲಿ ಇಲ್ಲದೆ ಗೋಡೆಗೆ ನಿಲ್ಲಿಸಿ ಅಳೆಯಿರಿ. 138 ಬಂದರೆ ‘ನೋಡೋಣ, ಬಿಟ್ಟರೂ ಬಿಡಬಹುದು’ ಎಂದು ಆಸೆ ಹುಟ್ಟಿಸಬೇಡಿ. ಆ ಮಿತಿ ಇರುವುದು ಸೀಟಿನ ಲಾಕ್ ಮೈಗೆ ಸರಿಯಾಗಿ ಕೂರಲೆಂದು. ಗೇಟಿನಲ್ಲಿರುವ ಸಿಬ್ಬಂದಿಯ ಜತೆ ಇದಕ್ಕಾಗಿ ವಾದಕ್ಕಿಳಿಯುವುದು ಮಗುವಿನ ಸುರಕ್ಷತೆಯನ್ನೇ ಪಣಕ್ಕಿಟ್ಟಂತೆ. ಎತ್ತರ ಸಾಲದೆಂದು ಮೊದಲೇ ಗೊತ್ತಿದ್ದರೆ ಆಡಬಹುದಾದ ರೈಡ್‌ಗಳ ಪಟ್ಟಿಯನ್ನು ಮಗುವೇ ಮಾಡಿಕೊಂಡು ಬರುತ್ತದೆ. ನೀರಿನ ಆಟಗಳಲ್ಲಿ ದಿನ ಕಳೆಯುವಷ್ಟಿದೆ. ಇಲ್ಲವೇ ಪ್ರವಾಸವನ್ನು ಮುಂದಿನ ವರ್ಷಕ್ಕೆ ಹಾಕಬಹುದು.

ಹೃದಯದ ತೊಂದರೆ, ಮೂರ್ಛೆ ರೋಗ, ಬೆನ್ನು-ಕುತ್ತಿಗೆ ನೋವು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆಗಿದ್ದರೆ ಜೋರು ರೈಡ್‌ಗಳ ಸಹವಾಸ ಬೇಡ. ಇದು ಮಕ್ಕಳಿಗಷ್ಟೇ ಅಲ್ಲ, ‘ಮಗಳು ಕರೆದಳು’ ಎಂದು ಹತ್ತಿಬಿಡುವ ಅಪ್ಪಂದಿರಿಗೂ ಅನ್ವಯ. ಆಸ್ತಮಾ ಇರುವ ಮಕ್ಕಳ ಇನ್‌ಹೇಲರ್ ಲಾಕರ್‌ನಲ್ಲಿರದೆ ದಡದಲ್ಲಿ ಕುಳಿತ ದೊಡ್ಡವರ ಕೈಯಲ್ಲಿರಲಿ. ಕನ್ನಡಕಕ್ಕೆ ಹಿಂದೆ ಕಟ್ಟುವ ದಾರ ಸಿಗುತ್ತದೆ, ಒಂದನ್ನು ಕೊಂಡುಕೊಳ್ಳಿ.

ಬಟ್ಟೆಯ ವಿಷಯ ಮೊದಲೇ ಮಾತಾಡಿ

ನೀರಿನ ಆಟಗಳಿಗೆ ಕಾಟನ್ ಬಟ್ಟೆ, ಸೀರೆ, ಚೂಡಿದಾರದಲ್ಲಿ ಬಿಡುವುದಿಲ್ಲ. ನೈಲಾನ್ ಅಥವಾ ಅಂಥದೇ ಈಜುಡುಗೆ ಕಡ್ಡಾಯ. ಪಾರ್ಕ್‌ನಲ್ಲೇ ಮಾರಾಟಕ್ಕಿರುತ್ತದಾದರೂ ಬೆಲೆ, ಅಳತೆ ಎರಡೂ ಕೊನೇ ಕ್ಷಣದ ತಲೆನೋವು. ಈ ವಯಸ್ಸಿನ ಅನೇಕ ಮಕ್ಕಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಅಪರಿಚಿತರ ನಡುವೆ ಈಜುಡುಗೆ ಹಾಕಲು ಸಂಕೋಚವಿರುತ್ತದೆ. ಪೂರ್ತಿ ತೋಳು, ಮಂಡಿ ಕೆಳಗಿನವರೆಗೆ ಬರುವ ಮಾದರಿಗಳು ಅಂಗಡಿಗಳಲ್ಲಿ ಸಿಗುತ್ತವೆ. ಮನೆಯಲ್ಲೇ ಹಾಕಿ ನೋಡಿ ಸರಿ ಎನಿಸಿದ್ದನ್ನು ತಂದರೆ ಆ ದಿನ ಡ್ರೆಸಿಂಗ್ ರೂಮ್ ಬಾಗಿಲಲ್ಲಿ ಬೇಸರ ಇರುವುದಿಲ್ಲ. ಮುಟ್ಟಿನ ದಿನಾಂಕವನ್ನೂ ಅಮ್ಮ-ಮಗಳು ಟಿಕೆಟ್ ಬುಕ್ ಮಾಡುವ ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳಿತು.

ಫೋನ್ ಇಲ್ಲದ ಮೂರು ಗಂಟೆ

ಪೋಷಕರಿಗೆ ನಿಜವಾದ ಪರೀಕ್ಷೆ ಇದು. ನೀರಿಗಿಳಿಯುವಾಗ ಫೋನ್ ಲಾಕರ್ ಸೇರುತ್ತದೆ. ದಿನವಿಡೀ ‘ಎಲ್ಲಿದ್ದೀಯ’ ಎಂದು ಕೇಳಿ ಅಭ್ಯಾಸವಾದ ಮನೆಯವರಿಗೆ ಆ ಮೂರು ಗಂಟೆ ಕೈ ಕಟ್ಟಿದಂತೆ. ಮಕ್ಕಳನ್ನು ಬಿಟ್ಟಿರಲೂ ಆಗದು, ಬೆನ್ನಿಗೆ ಅಂಟಿಕೊಂಡು ತಿರುಗಿದರೆ ಅವರು ಒಪ್ಪುವುದಿಲ್ಲ.

ಇದಕ್ಕೆ ಹಳೇ ಕಾಲದ ಜಾತ್ರೆಯ ಉಪಾಯವೇ ಸಾಕು. ಜಾತ್ರೆಯಲ್ಲಿ ‘ತಪ್ಪಿಸಿಕೊಂಡರೆ ತೇರಿನ ಹತ್ತಿರ ಬಾ’ ಎನ್ನುತ್ತಿದ್ದರಲ್ಲ, ಹಾಗೆ. ಒಳಗೆ ಹೋದ ಕೂಡಲೇ ಎಲ್ಲರೂ ಸೇರಿ ಒಂದು ಜಾಗ ಗೊತ್ತುಮಾಡಿ. ರೈಡ್‌ನ ಸಾಲು ಬೇಡ, ಜನ ಕಿಕ್ಕಿರಿಯದ, ನೆರಳಿರುವ, ಹೆಸರಿನ ಬೋರ್ಡ್ ಇರುವ ಜಾಗವಾಗಲಿ. ಊಟಕ್ಕೆ ಒಂದು ವೇಳೆ, ಸಂಜೆಗೆ ಒಂದು ವೇಳೆ. ಮಗುವಿನ ಕೈಗೆ ನೀರು ಹೊಕ್ಕದ ಅಗ್ಗದ ಡಿಜಿಟಲ್ ವಾಚ್ ಕಟ್ಟಿ. ಅಪ್ಪ ಅಥವಾ ಅಮ್ಮನ ಮೊಬೈಲ್ ನಂಬರ್ ಬಾಯಿಪಾಠ ಇದೆಯೇ ಎಂದು ಕೇಳಿ ನೋಡಿ. ಕಾಂಟ್ಯಾಕ್ಟ್ ಲಿಸ್ಟ್ ನಂಬಿಕೊಂಡ ತಲೆಮಾರಿಗೆ ಹತ್ತು ಅಂಕಿ ನೆನಪಿರುವುದು ಅಪರೂಪ.

ಗೆಳೆಯ ಅಥವಾ ಕಸಿನ್ ಒಬ್ಬರನ್ನು ಜತೆಗೆ ಕರೆದುಕೊಂಡರೆ ಖರ್ಚು ಒಂದು ಟಿಕೆಟ್ ಹೆಚ್ಚಾದರೂ ಅರ್ಧ ಚಿಂತೆ ಕಡಿಮೆಯಾಗುತ್ತದೆ. ಇಬ್ಬರೂ ಜತೆಬಿಟ್ಟು ಹೋಗಬಾರದು ಎಂಬುದೊಂದೇ ನಿಯಮ ಹಾಕಿ. ವೇವ್ ಪೂಲ್‌ಗೆ ಮಾತ್ರ ದೊಡ್ಡವರು ಹತ್ತಿರ ಇರಲೇಬೇಕು. ಈಜು ಬಾರದ ಮಕ್ಕಳು ಎದೆಮಟ್ಟದ ನೀರಿಗೆ ಹೋಗದಂತೆ ಮೊದಲೇ ಹೇಳಿ. ಕೆಟ್ಟ ಮಾತು, ಮೈ ಮುಟ್ಟುವುದು, ಅನುಮತಿ ಇಲ್ಲದೆ ವಿಡಿಯೊ ಮಾಡುವುದು ಏನೇ ಆದರೂ ಅಲ್ಲೇ ಇರುವ ಲೈಫ್‌ಗಾರ್ಡ್ ಅಥವಾ ಸಿಬ್ಬಂದಿಗೆ ಕೂಡಲೇ ಹೇಳಬೇಕು, ‘ಮನೆಯವರು ಬೈಯುತ್ತಾರೆ’ ಎಂದು ಮುಚ್ಚಿಡಬಾರದು ಎಂಬುದನ್ನು ಹೆಣ್ಣುಮಕ್ಕಳಿಗೆ, ಗಂಡುಮಕ್ಕಳಿಗೆ ಇಬ್ಬರಿಗೂ ಹೇಳಿ ಕಳಿಸಿ.

ಹೋಗುವುದು ಹೇಗೆ?

ಕಾರು ಇಲ್ಲದವರಿಗೆ ಮೆಟ್ರೋ ಉತ್ತಮ. ಬೇಗಂಪೇಟೆಯಲ್ಲಿ ಹತ್ತಿ ಅಮೀರ್‌ಪೇಟೆಯಲ್ಲಿ ಬದಲಾಯಿಸಿ, ಕೆಂಪು ಮಾರ್ಗದ ಕೊನೆಯ ನಿಲ್ದಾಣ ಎಲ್‌ಬಿ ನಗರದಲ್ಲಿ ಇಳಿಯಬೇಕು. ಅಲ್ಲಿಂದ ಎರಡೂ ಪಾರ್ಕ್‌ಗಳು ಸುಮಾರು 20 ಕಿ.ಮೀ. ರಾಮೋಜಿ ಕಡೆಗೆ ಹೆದ್ದಾರಿಯಲ್ಲಿ ಸರ್ಕಾರಿ ಬಸ್‌ಗಳು ಸಿಗುತ್ತವೆ. ವಂಡರ್‌ಲಾಗೆ ಬಸ್ ಕಾಯುವುದಕ್ಕಿಂತ ನಾಲ್ಕು ಜನ ಸೇರಿ ಕ್ಯಾಬ್ ಅಥವಾ ಆಟೊ ಮಾಡಿಕೊಂಡರೆ ಸಮಯ ಉಳಿಯುತ್ತದೆ.

ಒಂದು ತಪ್ಪು ಕಲ್ಪನೆ ಇದೆ. ಕರ್ನಾಟಕದ ‘ಶಕ್ತಿ’ಯಂತೆ ತೆಲಂಗಾಣದಲ್ಲೂ 2023ರ ಡಿಸೆಂಬರ್ 9ರಿಂದ ‘ಮಹಾಲಕ್ಷ್ಮಿ’ ಯೋಜನೆಯಡಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣವಿದೆ. ಆದರೆ ಅದು ತೆಲಂಗಾಣದ ನಿವಾಸಿಗಳಿಗೆ ಮಾತ್ರ. ಕರ್ನಾಟಕದ ಆಧಾರ್ ತೋರಿಸಿದರೆ ಟಿಕೆಟ್ ಪಡೆಯಲೇಬೇಕು.

ಸ್ವಂತ ಕಾರಿನಲ್ಲಿ ವಂಡರ್‌ಲಾಗೆ ಹೋಗುವವರು ಮೆಹದಿಪಟ್ಟಣಂನಿಂದ 11.6 ಕಿ.ಮೀ. ಉದ್ದದ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್ ವೇ ಹಿಡಿದು, ಶಂಶಾಬಾದ್ ಬಳಿ ಹೊರವರ್ತುಲ ರಸ್ತೆ ಸೇರಿ 13ನೇ ಎಕ್ಸಿಟ್‌ನಲ್ಲಿ ಇಳಿಯಬಹುದು. ಇದು ಸುತ್ತು, ಟೋಲ್ ಕೂಡ ಇದೆ, ಆದರೆ ನಗರದ ಸಿಗ್ನಲ್‌ಗಳು ತಪ್ಪುತ್ತವೆ. ರಾಮೋಜಿಗೆ 11ನೇ ಎಕ್ಸಿಟ್, ಪೆದ್ದ ಅಂಬರ್‌ಪೇಟ. ಹೊರವರ್ತುಲ ರಸ್ತೆಯಲ್ಲಿ ಬೈಕ್‌ಗೆ ಪ್ರವೇಶವಿಲ್ಲ.

ದಿನ ಹೀಗಿರಲಿ

ವಂಡರ್‌ಲಾ ಸಾಮಾನ್ಯವಾಗಿ ಬೆಳಗ್ಗೆ 11ಕ್ಕೆ ತೆರೆಯುತ್ತದೆ, ನೀರಿನ ಆಟಗಳು ಮಧ್ಯಾಹ್ನದ ಹೊತ್ತಿಗೆ ಆರಂಭವಾಗುತ್ತವೆ. ಟಿಕೆಟ್ ದರ ದಿನದಿಂದ ದಿನಕ್ಕೆ ಬದಲಾಗುವುದರಿಂದ ಅಧಿಕೃತ ಜಾಲತಾಣದಲ್ಲೇ ನೋಡಿ, ಮುಂಚಿತವಾಗಿ ಬುಕ್ ಮಾಡಿ. ವಿದ್ಯಾರ್ಥಿಗಳಿಗೆ ಆಗಾಗ ರಿಯಾಯಿತಿ ಇರುತ್ತದೆ, ಅದಕ್ಕೆ ಕಾಲೇಜಿನ ಮೂಲ ಗುರುತಿನ ಚೀಟಿ ಅಥವಾ ಹಾಲ್ ಟಿಕೆಟ್ ಕೇಳಬಹುದು. ಸಾಲಿನಲ್ಲಿ ನಿಲ್ಲುವ ಸಮಯ ಉಳಿಸುವ ‘ಫಾಸ್ಟ್‌ಟ್ರ್ಯಾಕ್’ ಟಿಕೆಟ್‌ಗೆ ಹೆಚ್ಚು ಹಣ ಕೊಡಬೇಕು. ವಾರದ ನಡುವೆ ಹೋಗುವವರಿಗೆ ಅದರ ಅಗತ್ಯ ಬೀಳುವುದು ಕಡಿಮೆ.

10.30ಕ್ಕೇ ಗೇಟ್ ಬಳಿ ಇದ್ದರೆ ಮೊದಲ ಒಂದೂವರೆ ಗಂಟೆ ಬಂಗಾರದಂಥದ್ದು. ಬಹಳ ಮಂದಿ ಬಾಗಿಲ ಹತ್ತಿರದ ರೈಡ್‌ಗೆ ಮುಗಿಬೀಳುತ್ತಾರೆ. ಮಕ್ಕಳು ತಾವು ಬಿಡಲೇಬಾರದೆಂದು ಆರಿಸಿದ ಮೂರು ಜೋರು ರೈಡ್‌ಗಳನ್ನು ಆಗಲೇ ಮುಗಿಸಲಿ. ಊಟಕ್ಕೆ 12.15ಕ್ಕೆ ಹೋಗಬೇಕು, ಇಲ್ಲವೇ 2.30ರ ನಂತರ. ಒಂದು ಗಂಟೆಗೆ ಹೋದರೆ ಅಲ್ಲೂ ಸಾಲು. ಹೊರಗಿನ ತಿಂಡಿ-ಊಟಕ್ಕೆ ಒಳಗೆ ಅವಕಾಶವಿಲ್ಲ, ಹಾಗಾಗಿ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯನ್ನು ಗೇಟ್‌ವರೆಗೆ ಹೊತ್ತು ತರುವುದು ವ್ಯರ್ಥ. ಬೆಳಗ್ಗೆ ಬೇಗಂಪೇಟೆಯಲ್ಲೇ ಹೊಟ್ಟೆ ತುಂಬ ತಿಂಡಿ ಮುಗಿಸಿ. ಊಟವಾದ ಕೂಡಲೇ ತಿರುಗುವ ರೈಡ್ ಬೇಡ, ಅರ್ಧ ಗಂಟೆ ಕುಳಿತು ನೀರಿನ ಕಡೆ ಹೋಗುವುದು ವಾಸಿ. ಕೊನೆಯ ಒಂದು ಗಂಟೆಯಲ್ಲಿ ಜನ ಹೊರಡಲು ಶುರುಮಾಡುತ್ತಾರೆ. ಇಷ್ಟವಾದ ರೈಡ್‌ಗೆ ಎರಡನೇ ಸಲ ಹೋಗಲು ಅದೇ ಸಮಯ.

ರಾಮೋಜಿಗೆ ಹೋಗುವವರು ಬೆಳಗ್ಗೆ 9ಕ್ಕೆ ಅಲ್ಲಿರಬೇಕು. ಟಿಕೆಟ್ ಕೌಂಟರ್‌ನಿಂದ ಒಳಗಿನ ‘ಯುರೇಕಾ’ ವಲಯಕ್ಕೆ ಅವರದೇ ಬಸ್‌ನಲ್ಲಿ ಹೋಗಬೇಕಿರುವುದರಿಂದ ಅದಕ್ಕೂ ಸಮಯ ಹಿಡಿಯುತ್ತದೆ. ಪ್ರದರ್ಶನಗಳ ವೇಳಾಪಟ್ಟಿ ಫೋಟೊ ತೆಗೆದುಕೊಂಡು ಅದಕ್ಕೆ ಹೊಂದುವಂತೆ ಬಸ್ ಸುತ್ತಾಟ ಇಟ್ಟುಕೊಳ್ಳಿ. ಸಾಹಸ ಆಟಗಳ ‘ಸಾಹಸ್’ ವಿಭಾಗ ಬೇಕಿದ್ದರೆ ಅದಕ್ಕೆ ಯಾವ ಪ್ಯಾಕೇಜ್ ಎಂದು ಬುಕ್ ಮಾಡುವಾಗಲೇ ವಿಚಾರಿಸಿ.

ಮಕ್ಕಳ ಕೈಗೆ ತಿಂಡಿ, ತಂಪು ಪಾನೀಯ, ಫೋಟೊ ಖರ್ಚಿಗೆಂದು ಒಂದಿಷ್ಟು ಹಣ ಬೆಳಗ್ಗೆಯೇ ಕೊಟ್ಟು ‘ಇಷ್ಟೇ’ ಎಂದುಬಿಡಿ. ಪ್ರತಿ ಅಂಗಡಿ ಮುಂದೆ ನಡೆಯುವ ಚೌಕಾಸಿ ಅದರಿಂದ ನಿಲ್ಲುತ್ತದೆ.

ಯೋಜನೆ ತಪ್ಪಿದರೆ?

ಹಿಂದಿನ ರಾತ್ರಿ ರೈಲು ತಡವಾಗಿ ಬೆಳಗ್ಗೆ 11 ದಾಟಿತೆಂದರೆ, ಯಾರಿಗಾದರೂ ಜ್ವರ ಬಂತೆಂದರೆ 35 ಕಿ.ಮೀ. ಹೋಗುವ ಹಟ ಬೇಡ. ಬೇಗಂಪೇಟೆಗೆ ಹತ್ತಿರದಲ್ಲೇ ಹುಸೇನ್ ಸಾಗರದ ದಡದ ನೆಕ್ಲೆಸ್ ರಸ್ತೆಯಲ್ಲಿ ಜಲವಿಹಾರ್ ವಾಟರ್ ಪಾರ್ಕ್ ಇದೆ. ಲೋವರ್ ಟ್ಯಾಂಕ್ ಬಂಡ್‌ನಲ್ಲಿ 2004ರಿಂದ ಇರುವ ಸ್ನೋ ವರ್ಲ್ಡ್‌ನಲ್ಲಿ ಮೈನಸ್ ಡಿಗ್ರಿ ಚಳಿಯಲ್ಲಿ ಹಿಮದಾಟ, ಅದೂ ಸ್ಲಾಟ್ ಪ್ರಕಾರ. ದೊಡ್ಡ ಕೋಸ್ಟರ್ ಕನಸು ಕಂಡವರಿಗೆ ಇವು ಬದಲಿ ಆಗಲಾರವು, ಆದರೆ ಅರ್ಧ ದಿನ ಚೆನ್ನಾಗಿ ಕಳೆಯುತ್ತದೆ.

ವಾಪಸಾತಿಯ ಲೆಕ್ಕ

ಅದೇ ರಾತ್ರಿ ಊರಿಗೆ ರೈಲು ಇದ್ದರೆ ಪಾರ್ಕ್ ಮುಚ್ಚುವವರೆಗೆ ಕಾಯುವಂತಿಲ್ಲ. ಎಲ್ಲರೂ ಒಟ್ಟಿಗೇ ಹೊರಬೀಳುವ ಹೊತ್ತಿಗೆ ಕ್ಯಾಬ್ ಸಿಗುವುದು ಕಷ್ಟ, ಸಿಕ್ಕರೂ ದರ ಹೆಚ್ಚು. ಸಂಜೆ ಎಲ್‌ಬಿ ನಗರದ ಸುತ್ತ ವಾಹನ ದಟ್ಟಣೆಯೂ ಜೋರು. ಗೇಟ್‌ನಿಂದ ಬೇಗಂಪೇಟೆಗೆ ಎರಡೂವರೆ ಗಂಟೆ ಎಂದು ಹಿಡಿದು, ಅದಕ್ಕೆ ಊಟ ಮತ್ತು ಹೋಟೆಲ್‌ನಿಂದ ಲಗೇಜ್ ತರಲು ಇನ್ನೊಂದು ಗಂಟೆ ಸೇರಿಸಿ. ಬೆಳಗ್ಗೆ ಬಿಟ್ಟ ಕ್ಯಾಬ್ ಚಾಲಕರನ್ನೇ ಸಂಜೆಗೂ ಮಾತಾಡಿಕೊಂಡರೆ ಸುಲಭ. ಒದ್ದೆ ಬಟ್ಟೆಗೆ ಎರಡು ಪ್ಲಾಸ್ಟಿಕ್ ಚೀಲ, ಪವರ್ ಬ್ಯಾಂಕ್ ಬ್ಯಾಗ್‌ನಲ್ಲಿರಲಿ. ಹೊರಡುವ ಮುನ್ನ ಲಾಕರ್ ಕೀ ವಾಪಸ್ ಕೊಟ್ಟು ಮುಂಗಡ ಹಣ ಪಡೆದಿರಾ ಎಂದು ಒಮ್ಮೆ ನೋಡಿಕೊಳ್ಳಿ.